ಮೇಷ್ಟ್ರ ಮುಷ್ಟಿಯಲ್ಲಿದ್ದ ಪಿನ್ನು

ಗುರುವಾರ ಬೆಳಿಗ್ಗೆ ಕಾಫಿ ಹಿಡಿದು ಹೋದ ಶಿಷ್ಯ ರೂಬೆನ್, ಎಲ್ಡನ್ ಪ್ರೌಟಿ ಮೇಷ್ಟ್ರು ಕುರ್ಚಿಯಲ್ಲಿ ಕುಳಿತಂತೆಯೇ ತಣ್ಣಗಾಗಿರುವುದನ್ನು ಕಂಡ. ಹೃದಯ ನಿಂತಿದೆ ಎಂದರು ಡಾಕ್ಟರು. ಕೆಳಮನೆಯ ವಿಲ್ಮಾ ಕಾಸ್ಟಿಗನ್ ಮಾತ್ರ ಮೇಷ್ಟ್ರ ಬಲಮುಷ್ಟಿಯನ್ನು ಮೆಲ್ಲಗೆ ಬಿಡಿಸಿದರು. ಒಳಗೆ ಹಾಳೆ ಕಟ್ಟುವ ಹಿತ್ತಾಳೆ ಪಿನ್ನೊಂದಿತ್ತು. ತೂತಿಗೆ ತೂರಿಸಿ ಹಿಂಬದಿಯಲ್ಲಿ ಆಚೀಚೆ ಮಡಚುವ ಅದರ ಎರಡು ಕಾಲುಗಳಲ್ಲಿ ಒಂದು ಅರ್ಧಕ್ಕೆ ಮುರಿದಿತ್ತು.

ಸಿನಿಮಾದವರ ಊರು ಬರ್ಬ್ಯಾಂಕಿನ ಆ ಹಳೆಯ ಕಟ್ಟಡದಲ್ಲಿ ಏನು ಕಳೆದರೂ ಜನ ವಿಲ್ಮಾ ಅವರ ಬಾಗಿಲು ತಟ್ಟುತ್ತಿದ್ದರು. ನಲವತ್ತು ವರ್ಷ ಶೂಟಿಂಗಿನಲ್ಲಿ, ಹಿಂದಿನ ಶಾಟಿನಲ್ಲಿ ನಾಯಕನ ಸಿಗರೇಟು ಯಾವ ಕೈಯಲ್ಲಿತ್ತು ಎಂದು ಗುರುತಿಟ್ಟ ಕಣ್ಣು ಅದು. ಅವರು ಪಿನ್ನನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಪ್ರೌಟಿ ಮೇಷ್ಟ್ರು ತಮ್ಮ ಕೋಣೆಯಲ್ಲೇ ಹೊಸಬರಿಗೆ ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದರು. ಎಲ್ಲರೂ ಅಲ್ಲಿದ್ದ ಒಂದೇ ಟೈಪ್‌ರೈಟರಿನಲ್ಲಿ ಕುಟ್ಟುತ್ತಿದ್ದರು. ಆ ಊರಿನಲ್ಲಿ ಚಿತ್ರಕಥೆಯ ಹಾಳೆಗೆ ತೂತು ಮೂರು, ಪಿನ್ನು ಎರಡೇ, ನಡುವಿನದು ಖಾಲಿ. ಮೂರು ಹಾಕಿದರೆ ಹೊಸಬನದೆಂದು ನಿರ್ಮಾಪಕರು ಮೂಸಿಯೂ ನೋಡದೆ ಎಸೆಯುತ್ತಾರೆ. ಮೇಷ್ಟ್ರು ಈ ಗುಟ್ಟನ್ನು ಮೊದಲೇ ಹೇಳುತ್ತಿರಲಿಲ್ಲ. ಕೊನೆಯ ಪುಟದವರೆಗೆ ಓದಿ, ಹಿಡಿಸಿದರೆ ತಾವೇ ನಡುವಿನ ಪಿನ್ನು ಕಿತ್ತು ಕೊಡುತ್ತಿದ್ದರು. ರೂಬೆನ್‌ನ ಚಿತ್ರಕಥೆ ಮೂರು ಸಲವೂ ಮೂರೂ ಪಿನ್ನಿನೊಡನೆ ಮರಳಿತ್ತು.

ಶನಿವಾರ ಮಣ್ಣು ಮಾಡಿ ಬಂದ ಮೇಲೆ ಆಲ್ಮಾ ಬರ್ರೆರಾ ವಿಲ್ಮಾ ಅವರ ಮನೆಗೆ ಬಂದಳು. ಬೇಕರಿಯಲ್ಲಿ ದುಡಿದು ಬಂದು ಕ್ಲಾಸಿನಲ್ಲಿ ತೂಕಡಿಸುತ್ತಿದ್ದ ಹುಡುಗಿ.

"ಸತ್ತುಹೋದ ನನ್ ತಮ್ಮನ ಕತೆ, ಮೇಡಂ. ಎರಡು ವರ್ಷ ಬರ್ದೆ. ಇದ್ದದ್ದೊಂದೇ ಪ್ರತಿ, ಬುಧವಾರ ಸಂಜೆ ಮೇಷ್ಟ್ರಿಗೆ ಕೊಟ್ಟೆ. ಈಗ ನಮ್ ಕ್ಲಾಸಿನ ಡೀನ್ ಹೋಬನ್ ಅದನ್ನ ಹಿಡ್ಕೊಂಡು ತನ್ನದು ಅಂತಾನೆ. ಸೋಮವಾರ ಯಾರೋ ನಿರ್ಮಾಪಕರಿಗೆ ಕೊಡ್ತಾನಂತೆ."

"ನೀನು ಕೊಟ್ಟಿದ್ದು ಯಾರಾದ್ರೂ ನೋಡಿದ್ರಾ?"

ಆಲ್ಮಾ ಇಲ್ಲವೆಂದು ತಲೆಯಾಡಿಸಿದಳು. ಅವಳ ತಮ್ಮ ಎರಡನೆಯ ಸಲ ಸತ್ತಂತೆ ಅಲ್ಲೇ ಕುಳಿತಿದ್ದ ರೂಬೆನ್‌ಗೆ ಅನಿಸಿತು.

ಭಾನುವಾರ ಮಧ್ಯಾಹ್ನ ವಿಲ್ಮಾ ಎಲ್ಲರನ್ನೂ ಮೇಷ್ಟ್ರ ಕೋಣೆಗೆ ಕರೆಸಿದರು. ಖಾಲಿ ಕುರ್ಚಿಯತ್ತ ಯಾರೂ ನೋಡಲಿಲ್ಲ. ಡೀನ್ ಮಾತ್ರ ಚಿತ್ರಕಥೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ಕುಣಿಸುತ್ತಿದ್ದ.

"ಬುಧವಾರ ಎಲ್ಲಿದ್ದೆ ಡೀನ್?" ಎಂದು ವಿಲ್ಮಾ ಕೇಳಿದರು.

"ಸ್ಯಾನ್ ಡಿಯಾಗೋದಲ್ಲಿ, ಅಕ್ಕನ ಮನೇಲಿ. ಮೇಷ್ಟ್ರಿಗೆ ನಾನಿದನ್ನ ತೋರಿಸಿಯೇ ಇರ್ಲಿಲ್ಲ. ಪಾಪ, ಆಲ್ಮಾಗೆ ದುಃಖದಲ್ಲಿ ಏನೋ ಭ್ರಮೆ."

"ಚೆನ್ನಾಗಿ ಕಟ್ಟಿದೀಯ. ಎರಡೇ ಪಿನ್ನು."

"ನಾಲ್ಕು ವರ್ಷ ಚಿತ್ರಕಥೆ ಮಾರೋ ಏಜೆನ್ಸಿಯ ಟಪಾಲು ಕೋಣೇಲಿ ಸವೆದೋನು ನಾನು," ಎಂದು ಡೀನ್ ನಕ್ಕ. "ಜನ್ಮದಲ್ಲಿ ಮೂರನೇದು ಹಾಕಿಲ್ಲ. ಅದೆಲ್ಲ ರೂಬೆನ್‌ನಂಥ ಪೆದ್ದರ ಕೆಲಸ."

"ಹಾಗಾದ್ರೆ ಕೊನೇ ಹಾಳೆ ತಿರುಗಿಸಪ್ಪಾ."

ಅವನು ತಿರುಗಿಸಲಿಲ್ಲ. ರೂಬೆನ್ ಎದ್ದು ಕಿತ್ತುಕೊಂಡು ತಿರುಗಿಸಿದ. ಹಾಳೆಯ ಹಿಂಬದಿಯಲ್ಲಿ, ಖಾಲಿಯಿದ್ದ ನಡುವಿನ ತೂತಿನ ಎರಡೂ ಪಕ್ಕ ಪಿನ್ನಿನ ಕಾಲುಗಳು ಒತ್ತಿದ ಗುರುತಿತ್ತು. ಒಂದು ಪಕ್ಕದ್ದು ಉದ್ದ, ಇನ್ನೊಂದು ಅದರ ಅರ್ಧ. ವಿಲ್ಮಾ ಕರವಸ್ತ್ರ ಬಿಚ್ಚಿ ಪಿನ್ನನ್ನು ಆ ಗುರುತಿನ ಮೇಲಿಟ್ಟರು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಮೂರು ಪಿನ್ನು ಹಾಕಿದ್ದು ನೀನಲ್ಲ, ನೀನೇ ಹೇಳಿದೆ," ಎಂದರು ವಿಲ್ಮಾ. "ಹಾಗಾಗಿ ಇದು ಹೊಸಬರ ಕಟ್ಟು. ನಡುವಿನದನ್ನ ಕಿತ್ತೋರು ಮೇಷ್ಟ್ರು. ಕಿತ್ತ ಪಿನ್ನು ಅವರ ಮುಷ್ಟಿಯಲ್ಲೇ ಸಿಕ್ತು. ಅದನ್ನ ಕೆಳಗಿಡೋಕೂ ಅವರಿಗೆ ಪುರುಸೊತ್ತು ಸಿಗ್ಲಿಲ್ಲ. ಗುರುವಾರ ಬೆಳಿಗ್ಗೆ ನಾವು ಬಂದಾಗ ಮೇಜಿನ ಮೇಲೆ ಚಿತ್ರಕಥೆ ಇರ್ಲಿಲ್ಲ. ಅಂದ್ರೆ ಬುಧವಾರವೇ ಒಬ್ಬ ಬಂದು ಅದನ್ನ ಎತ್ಕೊಂಡು ಹೋಗಿದ್ದ. ಮೊದಲ ಹಾಳೆ ನೋಡಿ, ಹೊಚ್ಚ ಹೊಸದು. ಆಲ್ಮಾಳ ಹೆಸರಿದ್ದ ಹಾಳೆ ಹರಿದು ಇದನ್ನ ಸೇರಿಸಿದಾನೆ. ಡೀನ್, ನೀನು ಬಂದಾಗ ಮೇಷ್ಟ್ರು ಬದುಕಿದ್ರಾ?"

ಡೀನ್‌ನ ಕಾಲು ಕುಣಿಯುವುದು ನಿಂತಿತು. "ಉಸಿರಿತ್ತು," ಎಂದ. "ಫೋನ್ ಕಡೆ ಕೈ ತೋರಿಸಿದ್ರು. ಮಾಡೋಣ ಅಂತಲೇ ಇದ್ದೆ. ಇದು ಮೇಜಿನ ಮೇಲಿತ್ತು, ಒಂದು ಪುಟ ಓದ್ದೆ. ಆಮೇಲೆ ಇನ್ನೊಂದು. ತಲೆ ಎತ್ತಿ ನೋಡೋ ಹೊತ್ತಿಗೆ..."

"ಥೂ!" ಎಂದ ರೂಬೆನ್. ಫೋನು ಇನ್ನೂ ಅಲ್ಲೇ ಇತ್ತು, ಡೀನ್ ಕುಳಿತಲ್ಲಿಂದ ಕೈಗೆಟಕುವಷ್ಟು ಹತ್ತಿರ. ವಿಲ್ಮಾ ಅದರಲ್ಲೇ ಪೊಲೀಸರನ್ನು ಕರೆದರು.

ಆಲ್ಮಾ ಬಯ್ಯಲಿಲ್ಲ, ಚೀರಲಿಲ್ಲ. ಚಿತ್ರಕಥೆಯನ್ನು ಎದೆಗೊತ್ತಿಕೊಂಡು ಡೀನ್‌ನನ್ನು ಒಂದೇ ಒಂದು ಮಾತು ಕೇಳಿದಳು.

"ಮೇಷ್ಟ್ರಿಗೆ ಹಿಡಿಸಿತ್ತಾ, ಏನಾದ್ರೂ ಹೇಳಿದ್ರಾ?"

ವಿಲ್ಮಾ ಆ ಪಿನ್ನನ್ನು ಅವಳ ಅಂಗೈಯಲ್ಲಿಟ್ಟು, "ಅವರು ಇದನ್ನ ಯಾವಾಗ ಕೀಳ್ತಿದ್ರು ಅಂತ ರೂಬೆನ್‌ನ ಕೇಳು," ಎಂದರು.

"ಹಿಡಿಸಿದ್ರೆ ಮಾತ್ರ," ಎಂದ ರೂಬೆನ್. "ನಂದನ್ನ ಒಂದ್ಸಲಾನೂ ಕೀಳ್ಲಿಲ್ಲ."

ಆಲ್ಮಾ ಪಿನ್ನಿನ ಮೇಲೆ ಮುಷ್ಟಿ ಬಿಗಿದಳು. ಪೊಲೀಸರು ಬಂದು ಡೀನ್‌ನನ್ನು ಕರೆದೊಯ್ದ ಮೇಲೂ ಅವಳು ಅದನ್ನು ಬಿಡಿಸಲಿಲ್ಲ.