ಹದಿನೆಂಟನೆಯ ಮರದ ಎಲೆ

ಮೂರು ಗಂಟೆಗೆ ಹದಿನೆಂಟನೆಯ ಸೀಬೆ ಮರ ಕಡಿಯಬೇಕೆಂದು ದೊಡ್ಡ ಸಾಹೇಬರ ಅಪ್ಪಣೆಯಾಗಿತ್ತು. ಆಗಲೇ ಎರಡೂವರೆ. ಸಂಶೋಧನಾ ತೋಟದ ಹಣ್ಣುಗಳ ತೂಕ, ಉದ್ದಗಲ, ಬೀಜ ಎಲ್ಲವನ್ನೂ ಲೆಕ್ಕ ಹಾಕುವ ಹುಡುಗಿಗೆ ಕೈಕಾಲೇ ಆಡಲಿಲ್ಲ.

ಡಿಎನ್‌ಎ ರಿಪೋರ್ಟ್ ಪ್ರಕಾರ ಹದಿನೇಳು, ಹದಿನೆಂಟು ಎರಡೂ ಒಂದೇ ತಳಿ. ಹಾಗಾದರೆ ಒಂದು ಮರ ದಂಡ. ಆದರೆ ಹದಿನೆಂಟರ ಹಣ್ಣಿನಲ್ಲಿ ಬೀಜ ಅರ್ಧಕ್ಕರ್ಧ ಕಡಿಮೆ ಎಂದು ಅವಳ ಪುಸ್ತಕ ಹೇಳುತ್ತಿತ್ತು. ಹೊಸ ತಳಿ ಕಟ್ಟಲು ಅಂಥ ಮರ ತೋಟದಲ್ಲಿ ಇನ್ನೊಂದಿರಲಿಲ್ಲ.

ತಪ್ಪಾದದ್ದು ಎಲ್ಲಿ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಸಂಕಟವೆಲ್ಲ ಅದೇ.

ಲ್ಯಾಬಿನ ಬಾಗಿಲು ತಳ್ಳಿದಳು. ರಿಪೋರ್ಟ್ ಬರೆದ ಪುಣ್ಯಾತ್ಮ ಕನ್ನಡಕ ಹಣೆಗೇರಿಸಿ ನಕ್ಕ. ಕಲಿತು ಬಂದ ಮಾತೆಲ್ಲ ಮರೆತೇ ಹೋಯಿತು.

"ಏನ್ರೀ, ಮತ್ತೆ ಜಗಳಕ್ಕೆ ಬಂದ್ರಾ? ಮೂರು ಸಲ ಟೆಸ್ಟ್ ಮಾಡಿದೀನಿ. ಎರಡು ಕವರಲ್ಲೂ ಒಂದೇ ಮರದ ಎಲೆ."

"ಹೌದು. ಎರಡೂ ಹದಿನೇಳರದ್ದೇ. ನಾನೇ ಹಾಕಿದ್ದು."

"ನೀವಾ? ಒಂದು ಬೀಜದ ಅನುಮಾನ ಬಂದ್ರೂ ಮೊದಲಿಂದ ಎಣಿಸೋರು!"

"ಅವತ್ತು ನೀವು ಕವರ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರಲ್ಲ... ನಿಮ್ಮ ಕಾಲರ್ ಮೇಲೆ ಇರುವೆ ಹತ್ತುತ್ತಾ ಇತ್ತು." ತಾನೇ ತಲೆ ಅಡ್ಡಡ್ಡ ಆಡಿಸಿದಳು. "ಇರುವೆ ಅಲ್ಲ. ನಿಮ್ಮನ್ನೇ ನೋಡ್ತಿದ್ದೆ. ಮುಂದಿನ ಮರಕ್ಕೆ ಹೋಗೋದೇ ಮರೆತೆ."

ಒಡಹುಟ್ಟಿದ ಅಕ್ಕನಿಗೂ ಹೇಳದ ಮಾತು. ಭೂಮಿ ಬಾಯಿಬಿಡಬಾರದೇ ಅನಿಸಿತು.

ಅವನು ಗಡಿಯಾರ ನೋಡಿದ. ಮಾಲಿಗೆ ಫೋನ್ ಮಾಡಿದ, ಎತ್ತಲಿಲ್ಲ. ಇಬ್ಬರೂ ಬಿದ್ದಂಬೀಳ ತೋಟಕ್ಕೆ ಓಡಿದರು. ಮಾಲಿ ಆಗಲೇ ಸೊಂಟಕ್ಕೆ ಟವೆಲ್ ಬಿಗಿದು ಕೊಡಲಿ ಎತ್ತಿದ್ದ.

"ಅಣ್ಣಾ, ನಿಲ್ಸಿ! ಸ್ಯಾಂಪಲ್ಲೇ ತಪ್ಪಿದೆ!" ಅವಳು ಕೂಗಿದಳು.

ಕೊಡಲಿ ಕೆಳಗಿಳಿಯಿತು. ಅವಳಿಗೆ ಹೋದ ಜೀವ ಬಂದಂತಾಯಿತು, ಆದರೆ ಅರ್ಧ ಮಾತ್ರ. ಅವನಿನ್ನೂ ಏನೂ ಹೇಳಿರಲಿಲ್ಲ.

ಅವನು ತಾನೇ ಹದಿನೆಂಟರ ಎಲೆ ಕಿತ್ತು ಕವರಿಗೆ ಹಾಕಿದ. ಲ್ಯಾಬಿಗೆ ಮರಳಿ ತಿದ್ದುಪಡಿಯ ಫಾರಂ ತೆಗೆದು, 'ತಪ್ಪಿಗೆ ಕಾರಣ' ಎಂಬಲ್ಲಿ ಬರೆಯತೊಡಗಿದ.

"ಅದನ್ನೆಲ್ಲಾ ಬರೀಬೇಡಿ, ದಮ್ಮಯ್ಯ. ಸಾಹೇಬ್ರು ಓದ್ತಾರೆ."

ಅವನು ಫಾರಂ ಅವಳತ್ತ ತಿರುಗಿಸಿದ. 'ಎಲೆ ಕಿತ್ತವರು, ಕವರ್ ಹಿಡಿದವರು, ಇಬ್ಬರ ಗಮನವೂ ಮರದ ಮೇಲೆ ಇರಲಿಲ್ಲ.'

"ನೀವು ಯಾಕೆ? ನೀವೇನು ಮಾಡಿದ್ರಿ?"

"ಎರಡು ಮರದ ಮಧ್ಯೆ ಹನ್ನೆರಡು ಹೆಜ್ಜೆ ಇದೆ ಕಣ್ರೀ. ನೀವು ನಿಂತಲ್ಲೇ ನಿಂತಿದ್ದು ನಂಗೂ ಗೊತ್ತಾಗ್ಲಿಲ್ಲ ಅಂದ್ರೆ..." ಅವನ ಕಿವಿ ಕೆಂಪಾಯಿತು. "ಇರುವೆ ಕಚ್ಚಿದ್ದೂ ಗೊತ್ತಾಗ್ಲಿಲ್ಲ."

ಅವಳು ಪೆನ್ ತೆಗೆದುಕೊಂಡು ಅವನ ಸಹಿಯ ಪಕ್ಕದಲ್ಲಿ ಸಹಿ ಮಾಡಿದಳು.