ದಯವಿಟ್ಟು ಗಮನಿಸಿ, ನನ್ನ ತಂಗಿ

"ತೊಂಬತ್ತನಾಲ್ಕು, ವಿ, ಸೊನ್ನೆ," ಎಂದು ಅವಳು ಫೋನಿನಲ್ಲಿ ಓದಿ ಹೇಳಿದಳು. "ಮದರ್‌ಬೋರ್ಡ್ ಮೇಲೆ ಎದ್ದು ಕಾಣೋ ಹಾಗೆ ಬರೆದಿದೆ. ಇದೇ ತಾನೇ ಮಾಡೆಲ್ ನಂಬರ್?"

ಆ ಕಡೆಯಿಂದ ನಗು ಕೇಳಿಸಿತು. ಕಂಪ್ಯೂಟರ್ ರಿಪೇರಿಯವನು ತಡೆದುಕೊಳ್ಳಲು ನೋಡಿ, ಆಗದೆ, ಕೆಮ್ಮಿದ.

"ಅಲ್ಲ ಮೇಡಂ. ನಿಮ್ಮ ಟಿವಿ ಬಿಚ್ಚಿದ್ರೂ ಆ ನಂಬರ್ ಸಿಕ್ಕಬಹುದು."

"ಮತ್ತೆ ಏನದು?"

"ಬಂದಾಗ ಹೇಳ್ತೀನಿ ಬಿಡಿ."

ಅವಳಿಗೆ ಉರಿದುಹೋಯಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಕೂದಲೆಳೆಯಂಥ ಗೀರು ಕೂಡ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಅಂಥವಳಿಗೆ ಒಂದು ನಂಬರ್ ಓದಲು ಬರಲಿಲ್ಲ ಎಂದು ಯಾವನೋ ನಗುವುದೆಂದರೆ! ಬರಲಿ ಮಹಾರಾಯ ಎಂದುಕೊಂಡು, ಬಿಚ್ಚಿದ್ದ ಕಂಪ್ಯೂಟರನ್ನು ಮುಚ್ಚದೆ, ಅಂಗಡಿಯ ಮೆತ್ತನೆ ಬಟ್ಟೆಯಲ್ಲಿ ಮದರ್‌ಬೋರ್ಡನ್ನು ಹೊಳೆಯುವಂತೆ ಒರೆಸಿದಳು. ಹೊಸ ಫ್ರೇಮು ಬಂದ ಕೂಡಲೇ ಚೀಟಿ, ಸ್ಟಿಕ್ಕರ್ ಏನಿದ್ದರೂ ಉಗುರಿನಿಂದ ಎಬ್ಬಿಸಿ ಬಿಸಾಡುವುದು ಅವಳ ಕೈಗೆ ಅಂಟಿದ ಚಾಳಿ. ಇಲ್ಲೂ ಅದೇ ಆಯಿತು.

ಆ ಹಳೆಯ ಡೆಸ್ಕ್‌ಟಾಪ್ ಅವಳ ಅಣ್ಣನ ಬಾಯಿಯಾಗಿತ್ತು. ಅಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದ. ನರಗಳ ಕಾಯಿಲೆ ಮಾತನ್ನು ಕಿತ್ತುಕೊಳ್ಳುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ದನಿ ಇರುವಾಗಲೇ ಬೇಕಾದ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದ. ನೀರು, ನೋವು, ದಿಂಬು, ಕಿಟಕಿ. ಸ್ಟೇಷನ್ನಿನ ಮಾತುಗಳನ್ನೂ ಬಿಡಲಿಲ್ಲ. ಈಗ ಅವನಿಗೆ ಉಳಿದಿದ್ದು ಒಂದು ಬೆರಳು. ಪರದೆಯ ಮೇಲೆ ಮಾತುಗಳು ಒಂದೊಂದಾಗಿ ಸಾಗುವಾಗ ಬೇಕಾದದ್ದು ಬಂದರೆ ಬೆರಳಿನಿಂದ ಸ್ವಿಚ್ ಒತ್ತಬೇಕು. ಸಹೋದ್ಯೋಗಿಯೊಬ್ಬ ಮಾಡಿಕೊಟ್ಟ ಆ ಪ್ರೋಗ್ರಾಂ ಒಂದು ಹಳೆಯ ಸೌಂಡ್ ಕಾರ್ಡ್ ಇದ್ದರೆ ಮಾತ್ರ ಕೆಲಸ ಮಾಡುತ್ತಿತ್ತು, ಆ ಕಾರ್ಡು ಹೊಸ ಕಂಪ್ಯೂಟರಿನಲ್ಲಿ ಕೂರುತ್ತಿರಲಿಲ್ಲ. ಹಳೆಯದೋ ತೀರ ನಿಧಾನ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅನ್ನ ಉಕ್ಕಿ ಬರುವಷ್ಟು ಹೊತ್ತು. ಬೆರಳೂ ಹೋಗುವ ಮೊದಲು ಅಣ್ಣ ನಾಲ್ಕು ಮಾತು ಸರಾಗವಾಗಿ ಆಡಲಿ ಎಂಬುದೊಂದೇ ಅವಳ ಆಸೆ.

ರಿಪೇರಿಯವನು ಬಂದ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿದ. ಕನ್ನಡಕದ ಎಡಗಡೆ ಕಾಲು ಸೊಟ್ಟಗಿತ್ತು. ಅವಳ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ.

"ದಯವಿಟ್ಟು ಗಮನಿಸಿ," ಎಂದಿತು ಕಂಪ್ಯೂಟರ್, ಸ್ಟೇಷನ್ನಿನ ಗಂಭೀರ ದನಿಯಲ್ಲಿ. ಅಣ್ಣನ ಪ್ರತಿ ಮಾತಿಗೂ ಅದೇ ಪೀಠಿಕೆ. ಎಲ್ಲರೂ ಕಾದರು. ಕಾದು ಕಾದು ರಿಪೇರಿಯವನು ಬ್ಯಾಗ್ ಕೆಳಗಿಟ್ಟ. "ಗಾಡಿ" ಎಂದಿತು. ಮತ್ತೆ ಮೌನ. "ತಡವಾಗಿ ಬಂದಿದೆ."

ರಿಪೇರಿಯವನು ಗಡಿಯಾರ ನೋಡಿಕೊಂಡು ನಾಲಿಗೆ ಕಚ್ಚಿದ. ಅಣ್ಣನ ಕಣ್ಣು ನಗುತ್ತಿತ್ತು. ಅವಳೂ ನಕ್ಕಳು. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟೋ ದಿನವಾಗಿತ್ತು.

ರಿಪೇರಿಯವನು ಟಾರ್ಚ್ ಹಾಕಿ ಬೋರ್ಡಿನ ಮೇಲೆ ಬಾಗಿದ. "ನೋಡಿ, ಮಾಡೆಲ್ ಹೆಸರು ಇಲ್ಲಿ, ಸ್ಲಾಟ್‌ಗಳ ನಡುವೆ. RAM ಇದಕ್ಕಿಂತ ಹೆಚ್ಚು ಹಾಕಿದ್ರೂ ಈ ಬೋರ್ಡ್ ಗುರುತಿಸಲ್ಲ. ಪ್ರೊಸೆಸರ್ ದೊಡ್ಡದು ಹಾಕಬಹುದು. ಆದ್ರೆ ಇದೇ ಮಾಡೆಲಲ್ಲಿ ಎರಡು ಥರ ಬಂದಿವೆ. ಮೊದಲು ಬಂದಿದ್ದಕ್ಕೆ ಅಷ್ಟು ಕರೆಂಟ್ ಕೊಡೋ ತಾಕತ್ತಿಲ್ಲ. ಆಮೇಲೆ ಬಂದಿದ್ದಕ್ಕೆ ಇದೆ."

"ಇದು ಯಾವುದು?"

ಅವನು ಬೋರ್ಡಿನ ಮೂಲೆಯನ್ನು ಬೆರಳಿನಿಂದ ಸವರಿದ. ಬೆರಳು ಅಲ್ಲೇ ನಿಂತಿತು.

"ಇದನ್ನ ಯಾರಾದ್ರೂ ಒರೆಸಿದ್ರಾ?"

"ನಾನೇ," ಎಂದಳು ಅವಳು ಹೆಮ್ಮೆಯಿಂದ. "ಹೊಳೀತಿದೆ ಅಲ್ವಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದ. ಅವಳ ಕಿವಿ ಬೆಚ್ಚಗಾಯಿತು.

"ಹೊಳೀತಿದೆ," ಎಂದ. ಆಮೇಲೆ ಬೋರ್ಡಿನ ಕಡೆ ತಿರುಗಿ, "ಆಮೇಲೆ ಬಂದಿದ್ದೇ ಇರಬೇಕು. ದೊಡ್ಡದೇ ಹಾಕೋಣ," ಎಂದ.

ಹಾಕಿದ. ಅಣ್ಣನ ನಾಲಿಗೆಗೆ ಗಾಲಿ ಬಂತು! ಅವಳು ನೀರು ಎನ್ನುವ ಮೊದಲೇ ನೀರು ಬೇಡ ಎನ್ನುತ್ತಿದ್ದ. ಹಾಸಿಗೆ ಬದಲಾಯಿಸುವಾಗ "ಅಡಚಣೆಗಾಗಿ ವಿಷಾದಿಸುತ್ತೇವೆ" ಎನ್ನುತ್ತಿದ್ದ. ಅವಳು ನಗುತ್ತ ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ರಿಪೇರಿಯವನು ಮಾರನೆಯ ದಿನ ಫ್ಯಾನ್ ನೋಡಲು ಬಂದ. ಅದರ ಮಾರನೆಯ ದಿನ ಕೇಬಲ್ ನೋಡಲು. ಆಮೇಲಿನ ದಿನ ಏನು ನೋಡಲು ಎಂದು ಹೇಳಲು ಅವನಿಗೇ ತೋಚಲಿಲ್ಲ.

"ದಯವಿಟ್ಟು ಗಮನಿಸಿ," ಎಂದ ಅಣ್ಣ. "ಗಾಡಿ ಪ್ರತಿದಿನ ಬರುತ್ತಿದೆ. ಕಾರಣ ತಿಳಿದಿಲ್ಲ."

ರಿಪೇರಿಯವನ ಮುಖ ಕೆಂಪಾಯಿತು. ಅವಳು ಪಾರು ಮಾಡುವಂತೆ, "ಕನ್ನಡಕ ಕೊಡಿ ಇಲ್ಲಿ, ಸೊಟ್ಟ ಇದೆ," ಎಂದು ಕೈ ಚಾಚಿದಳು. ಕಾಲನ್ನು ಬಗ್ಗಿಸಿ ಸರಿಮಾಡಿ, ಗಾಜಿಗೆ ಉಸಿರೂದಿ ಒರೆಸಿ, ತಾನೇ ಅವನ ಕಿವಿಗೇರಿಸಿದಳು. ಅಂಗಡಿಯಲ್ಲಿ ದಿನವೂ ಎಷ್ಟೋ ಜನರಿಗೆ ಮಾಡುವ ಕೆಲಸವೇ. ಇವತ್ತು ಕೈ ಬೇಗ ಹಿಂದೆ ಬರಲಿಲ್ಲ.

"ಈಗ ನೆಟ್ಟಗೆ ಕಾಣುತ್ತಾ?"

"ಮೊದಲಿಂದಾನೂ ನೆಟ್ಟಗೇ ಕಾಣ್ತಿದ್ರಿ," ಎಂದ ಅವನು, ಮೆಲ್ಲಗೆ.

ಅಣ್ಣ ಸ್ವಿಚ್ ಒತ್ತಿದ. "ದಯವಿಟ್ಟು ಗಮನಿಸಿ. ನನ್ನ ತಂಗಿ..."

ಮುಂದಿನ ಮಾತು ಬರಲಿಲ್ಲ. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಬೋರ್ಡಿನ ಮೇಲೆ ಚಿಕ್ಕದೊಂದು ಉರಿ ಎದ್ದು, ಅವನು ಪ್ಲಗ್ ಕಿತ್ತು ತಿರುಗುವಷ್ಟರಲ್ಲಿ ತಾನಾಗಿ ಆರಿತು. ಪರದೆ ಕಪ್ಪಾಯಿತು. ಅಣ್ಣನ ಬೆರಳು ಮಾತ್ರ ಸ್ವಿಚ್ಚನ್ನು ಒತ್ತುತ್ತಲೇ ಇತ್ತು.

"ಏನಾಯ್ತು?" ಅವಳ ದನಿ ಅವಳದಾಗಿರಲಿಲ್ಲ.

"ಬೋರ್ಡ್ ಹಳೇದು. ತಡ್ಕೊಳ್ಳಲಿಲ್ಲ. ತಪ್ಪು ನಂದು."

"ಗೊತ್ತಿಲ್ಲದ ಮೇಲೆ ಯಾಕೆ ಹಾಕಿದ್ರಿ? ನಿಧಾನಕ್ಕಾದ್ರೂ ಮಾತಾಡ್ತಿದ್ನಲ್ಲ! ಅದನ್ನೂ ಕಿತ್ಕೊಂಡ್ರಿ!"

ಬಾಯಿಗೆ ಬಂದಿದ್ದನ್ನೆಲ್ಲ ಅಂದಳು. "ಇದೇ ಬೋರ್ಡ್ ಎಲ್ಲಾದ್ರೂ ಹುಡುಕ್ತೀನಿ," ಎಂದಷ್ಟೇ ಅವನು ಹೇಳಿದ. ಇನ್ನು ಈ ಹೊಸ್ತಿಲು ತುಳಿಯಬೇಡಿ ಎಂದಳು. ಹೋಗುವ ಗಡಿಬಿಡಿಯಲ್ಲಿ ಅವನು ಸ್ಕ್ರೂಡ್ರೈವರನ್ನು ಕಪಾಟಿನ ಮೇಲೆ ಬಿಟ್ಟುಹೋದ.

ಬೇರೆ ರಿಪೇರಿಯವರನ್ನು ಕರೆಸಿದಳು. ಹೊಸದು ತಗೊಳ್ಳಿ ಎಂದು ಎಲ್ಲರೂ ಕೈ ತೊಳೆದುಕೊಂಡರು. ಮಾತಾಡಲು ಅಣ್ಣನಿಗೆ ಉಳಿದಿದ್ದು ಕಣ್ಣು ಮಾತ್ರ. ಒಂದು ಮಧ್ಯಾಹ್ನ ಕೇಳಿದಳು, "ಅವತ್ತು ನನ್ನ ಬಗ್ಗೆ ಏನೋ ಹೇಳಕ್ಕೆ ಹೊರಟಿದ್ದೆ. ಏನದು?" ಅಣ್ಣನ ಕಣ್ಣು ನಿಧಾನವಾಗಿ ಕಪಾಟಿನ ಕಡೆ ಹೋಗಿ ಸ್ಕ್ರೂಡ್ರೈವರ್ ಮೇಲೆ ನಿಂತಿತು. ಅವಳು ಎದ್ದು, ಅದನ್ನು ಡ್ರಾಯರಿನೊಳಗೆ ಹಾಕಿ ದಬಕ್ಕನೆ ಮುಚ್ಚಿದಳು. ಅಣ್ಣ ಕಣ್ಣು ಮುಚ್ಚಿಕೊಂಡ.

ಬೆರಳು ಹೋಯಿತು. ಆಮೇಲೆ ಉಸಿರಾಟ ಭಾರವಾಯಿತು. ಒಂದು ಬೆಳಗ್ಗೆ ಅವಳು ಕಿಟಕಿ ತೆರೆದು ತಿರುಗುವಷ್ಟರಲ್ಲಿ ಅಣ್ಣ ಇರಲಿಲ್ಲ. ಎಲ್ಲ ಊರುಗಳ ಹೆಸರನ್ನು ಅಷ್ಟು ಸ್ಪಷ್ಟವಾಗಿ ಕೂಗಿದವನು ಒಂದು ಮಾತೂ ಇಲ್ಲದೆ ಹೊರಟುಹೋಗಿದ್ದ.

ನೆಂಟರಿಷ್ಟರೆಲ್ಲ ಬಂದು ಹೋದ ಮೇಲೆ ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ರಿಪೇರಿಯವನು. ಹೊಸ್ತಿಲಿನ ಹೊರಗೇ ನಿಂತಿದ್ದ. ಗಡ್ಡ ಬಿಟ್ಟಿದ್ದ. ಎದೆಗೆ ಒಂದು ಪೊಟ್ಟಣ ಅವಚಿಕೊಂಡಿದ್ದ.

"ವಿಷಯ ಗೊತ್ತಾಯ್ತು. ಬರಬಾರದು ಅಂದಿದ್ರಿ," ಎಂದ. "ಗುಜರಿಗಳಲ್ಲಿ ಹುಡುಕಿದೆ. ಸಿಕ್ಕಿದ್ದು ತಡವಾಯ್ತು. ಆದ್ರೆ ಅಣ್ಣನ ದನಿ ಹಾರ್ಡ್ ಡಿಸ್ಕಲ್ಲಿ ಹಾಗೇ ಇದೆ. ನಿಮಗೆ ಬೇಕಾಗಬಹುದು ಅಂತ..."

ಅವಳು ಬಾಗಿಲಿನಿಂದ ಸರಿದು ನಿಂತಳು.

ಅವನು ನೆಲದ ಮೇಲೆ ಕೂತು ಪೊಟ್ಟಣ ಬಿಚ್ಚಿದ. ಅದೇ ಬೋರ್ಡ್, ತದ್ರೂಪ. ಅವಳು ಸುಮ್ಮನೆ ನೋಡುತ್ತಿದ್ದಳು, ಗೀರು ಹುಡುಕುವ ಕಣ್ಣಿನಿಂದ. ಮೂಲೆಯಲ್ಲಿ ಬೆರಳಿನುಗುರಿನಷ್ಟು ಬಿಳಿ ಸ್ಟಿಕ್ಕರ್. ಅದರ ಮೇಲೆ ಸಣ್ಣದಾಗಿ ಒಂದು ಸಂಖ್ಯೆ.

"ಇದೇನು?"

"ಎಂಥದ್ದೂ ಇಲ್ಲ. ಸುಮ್ನೆ ಸ್ಟಿಕ್ಕರ್."

ಅವನು ಬೇಗ ಬೋರ್ಡನ್ನು ತಿರುಗಿಸಿದ. ಅಷ್ಟು ಬೇಗ ತಿರುಗಿಸದಿದ್ದರೆ ಅವಳಿಗೆ ಹೊಳೆಯುತ್ತಿರಲಿಲ್ಲವೇನೋ. ಈ ಸ್ಟಿಕ್ಕರನ್ನು ಅವಳು ನೋಡಿದ್ದಳು. ಉಗುರಿನ ತುದಿಯಲ್ಲಿ. ಎಬ್ಬಿಸಿ, ಉಂಡೆ ಕಟ್ಟಿ, ಕಸಕ್ಕೆ ಹಾಕಿದ್ದಳು.

"ಹಳೇದೋ ಆಮೇಲಿಂದೋ ಅಂತ ಇದರಲ್ಲಿ ಬರೆದಿರುತ್ತೆ. ಅಲ್ವಾ?"

ಅವನು ತಲೆ ತಗ್ಗಿಸಿ ಪೊಟ್ಟಣದ ಕಾಗದ ಮಡಿಸತೊಡಗಿದ.

"ಕಿತ್ತಿದ್ದು ನಾನು. ಅವತ್ತೇ ನಿಮಗೆ ಗೊತ್ತಾಗಿತ್ತು. ಅಷ್ಟೆಲ್ಲ ಬೈದೆನಲ್ಲ, ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಜೀವನಪೂರ್ತಿ ಅದನ್ನೇ ಹೊತ್ಕೊಂಡು ಇರ್ತಿದ್ರಿ," ಎಂದ ಅವನು. "ಅಲ್ಲದೆ, ಊಹೆ ಮಾಡಿದ್ದು ನಾನು. ಸ್ಟಿಕ್ಕರ್ ಇಲ್ಲ ಅಂದ್ಮೇಲೆ ಕೈ ಹಾಕಬಾರದಿತ್ತು. ನೀವು ಅಷ್ಟು ಆಸೆಯಿಂದ ನೋಡ್ತಾ ಇದ್ರಿ. ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಅಣ್ಣ ಹೋದ ದಿನ ಬಾರದ ಅಳು ಅದು. ಅವಳ ಅಳು ಮುಗಿಯುವ ತನಕ ಅವನು, ಬೇರೆ ರಿಪೇರಿಯವರು ಬಿಚ್ಚಿಟ್ಟುಹೋಗಿದ್ದ ಸುಟ್ಟ ಬೋರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಕೊನೆಗೆ ಅವಳೇ ಮೂಗೊರೆಸಿಕೊಂಡು, "ತೊಂಬತ್ತನಾಲ್ಕು, ವಿ, ಸೊನ್ನೆ," ಎಂದಳು. "ಬಂದಾಗ ಹೇಳ್ತೀನಿ ಅಂದಿದ್ರಿ."

ಅವನು ಸುಟ್ಟ ಜಾಗ ತೋರಿಸಿದ. "ಈ ಹಲಗೆಯ ಗುಣ ಅದು. ಬೆಂಕಿ ಹತ್ತಿದ್ರೂ ಹರಡಲ್ಲ. ಹತ್ತಿದ ಕಡೆಯೇ ಆರುತ್ತೆ."

"ಮನುಷ್ಯರಿಗೂ ಹಾಗಿದ್ದಿದ್ರೆ."

"ಇಲ್ಲ," ಎಂದ ಅವನು. "ನನಗಂತೂ ಇಲ್ಲ."

ಅವಳು ಡ್ರಾಯರ್ ಎಳೆದು ಸ್ಕ್ರೂಡ್ರೈವರ್ ತೆಗೆದು ಅವನ ಕೈಗಿಟ್ಟಳು. ಅವನು ಹೊಸ ಬೋರ್ಡ್ ಕೂರಿಸಿ, ಅಣ್ಣನ ಡಿಸ್ಕು, ಕಾರ್ಡು ಜೋಡಿಸಿ, ಬಟನ್ ಒತ್ತಿದ. ಪರದೆಯ ಮೇಲೆ ಮಾತುಗಳು ಸಾಗತೊಡಗಿದವು. ಅವಳು ಅಣ್ಣನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ದಯವಿಟ್ಟು ಗಮನಿಸಿ," ಎಂದಿತು ಅಣ್ಣನ ದನಿ. ಇಬ್ಬರೂ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು.

"ನನ್ನ ತಂಗಿ."

ಮಾತುಗಳು ಸಾಗುತ್ತಲೇ ಇದ್ದವು. ನೀರು, ನೋವು, ದಿಂಬು, ಕಿಟಕಿ. ಅವಳಿಗೆ ಬೇಕಾದ ಮಾತು ಅವುಗಳಲ್ಲಿ ಇರಲಿಲ್ಲ. ಕಾಯಿಲೆಯವನು ಅದನ್ನು ಯಾಕೆ ರೆಕಾರ್ಡ್ ಮಾಡಿಟ್ಟಾನು? ಅವಳು ಸ್ವಿಚ್ಚಿನಿಂದ ಬೆರಳು ತೆಗೆದು ಅವನ ಕಡೆ ತಿರುಗಿದಳು.

"ನಿಮ್ಮ ದಾರಿ ಕಾಯ್ತಾ ಇದ್ಲು," ಎಂದಳು.