ಈ ಸಿಟ್ಟು ನನ್ನದು

ಕಸ್ತೂರಿಬಾಯಿ ಹಸಿರು ಬಳೆಗಳ ಡಬ್ಬಿ ತೆರೆದಾಗ ಸೊಸೆ ಐಶ್ವರ್ಯಾಳ ಎದೆ ಧಸಕ್ಕೆಂದಿತು.

ಕಮಲಾಪುರದ ಆ ಮನೆಯ ಪಡಸಾಲೆಯಲ್ಲಿ ನೆರೆಮನೆಯ ಹೆಂಗಸರು ಕೂತಿದ್ದರು. ತಟ್ಟೆಯಲ್ಲಿ ಕುಬಸದ ಖಣ, ಉಡಿ ತುಂಬಲು ಅಕ್ಕಿ, ಕೆಂಪು ಬಾಳೆಹಣ್ಣು. ಹೊಸ ಬಸುರಿಗೆ ಮೊದಲ ತಿಂಗಳುಗಳಲ್ಲಿ ಗುಟ್ಟಾಗಿ ಮಾಡುವ ಕಳ್ಳ ಕುಬಸದ ಸಿದ್ಧತೆ!

ಆದರೆ ಐಶ್ವರ್ಯಾ ಬಸುರಿಯಾಗಿರಲಿಲ್ಲ.

ಖಿನ್ನತೆಗೆ ನುಂಗುತ್ತಿದ್ದ ಹಳೆಯ ಗುಳಿಗೆ ಹಿಡಿಸಲಿಲ್ಲವೆಂದು, ಕಲಬುರಗಿಯ ಡಾಕ್ಟರು ಅದನ್ನು ನಿಧಾನಕ್ಕೆ ಇಳಿಸುತ್ತ ಹೊಸದನ್ನು ಶುರುಮಾಡಿದ್ದರು. ಅಂದಿನಿಂದ ಬೆಳಗಾದರೆ ವಾಂತಿ, ತಲೆಸುತ್ತು, ಕೈನಡುಕ. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ... ಕೆಲವು ವಾರ ಹೀಗಿರಬಹುದು, ನೀವಾಗಿ ನಿಲ್ಲಿಸಬೇಡಿ ಎಂದು ಡಾಕ್ಟರು ಹೇಳಿದ್ದರು.

ಗಂಡ ಗುರುಪ್ರಸಾದ ಮಾತ್ರ, ಅವು ತಾಕತ್ತಿನ ಗುಳಿಗೆ ಎಂದು ತಾಯಿಗೆ ಹೇಳಿಬಿಟ್ಟಿದ್ದ. ತಾಕತ್ತಿನ ಗುಳಿಗೆ, ಮೇಲೆ ವಾಂತಿ... ಅತ್ತೆಗೆ ಇನ್ನೇನು ಬೇಕಿತ್ತು?

ಇಲ್ಲ, ಇಲ್ಲ ಎಂದು ಅವಳು ಎಷ್ಟು ಹೇಳಿದರೂ ಹೆಂಗಸರು ನಾಚಿಕೆ ಎಂದು ನಕ್ಕರು. ಅವಳು ಬಾಗಿಲಲ್ಲಿದ್ದ ಗಂಡನ ಮುಖ ನೋಡಿದಳು. ಒಂದು ಮಾತು ಹೇಳ್ರಿ... ಒಂದೇ ಒಂದು!

ಅವನು ಅವಳನ್ನು ಒಳಗೆ ಕರೆದು ಪಿಸುಗುಟ್ಟಿದ. "ಮಂದಿ ಮುಂದ ಬ್ಯಾಡ ಐಶೂ. ಇದು ಗುಳಿಗಿ ಸಿಟ್ಟು, ಇಳೀತದ."

ಅವಳ ಮೈಯೆಲ್ಲ ಉರಿದುಹೋಯಿತು.

"ವಾಂತಿ ಗುಳಿಗೀದು, ನಡುಕ ಗುಳಿಗೀದು. ಈ ಸಿಟ್ಟು ನಂದು ರೀ. ನನ್ನ ಬ್ಯಾನಿ ಮುಚ್ಚಾಕ ಇಲ್ಲದ ಕೂಸಿನ ಹೆಸರು ಬೇಕಾತೇನು ನಿಮಗ?"

ಸಿಕ್ಕ ಬಸ್ಸು ಹತ್ತಿ ಕಲಬುರಗಿಯ ಶಹಾಬಜಾರದ ತವರಿಗೆ ಬಂದಳು. ಹೆಂಡತಿಯ ಸಿಟ್ಟಿಗೆ ಗುಳಿಗೆಯ ಹೆಸರಿಟ್ಟು ಕೈತೊಳೆದುಕೊಳ್ಳುವುದು ಎಷ್ಟು ಸುಲಭ!

ಗುಳಿಗೆಗಳನ್ನೆಲ್ಲ ಬಚ್ಚಲಿಗೆ ಸುರಿಯಲು ಹೊರಟವಳು ತಡೆದು ನಿಂತಳು. ತಪ್ಪು ಅವರದು, ಶಿಕ್ಷೆ ನನ್ನ ಜೀವಕ್ಕೆ ಯಾಕೆ? ಅರ್ಧ ರೊಟ್ಟಿ ತಿಂದು, ಅಳುತ್ತಲೇ ಗುಳಿಗೆ ನುಂಗಿದಳು.

ಮರುದಿನ ಮಧ್ಯಾಹ್ನ ಗುರುಪ್ರಸಾದ ಅವಳು ಕೂತಿದ್ದ ಹೊರಗಟ್ಟೆಯ ಹತ್ತಿರ ಬಂದು ನಿಂತ. ಅದೇ ಹೆಂಗಸರನ್ನು ಮತ್ತೆ ಕರೆಸಿ, ಹೆಂಡತಿಯ ಮನಸ್ಸಿಗೆ ಔಷಧಿ ನಡೆದಿದೆ, ಸುಳ್ಳು ಹೇಳಿದ್ದು ತಾನು ಎಂದು ಎಲ್ಲರೆದುರು ಒಪ್ಪಿಕೊಂಡು ಬಂದದ್ದನ್ನು ಹೇಳಿದ.

"ಅತ್ತಿ ಏನಂದ್ರು?"

"ಬೈದಳು. ಸುಳ್ಳು ಹೇಳಿ ಸೊಸಿನ್ನ ಮಂದಿ ಮುಂದ ಕುಂದ್ರಿಸ್ದಿ ಅಂತ." ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ. "ನೀ ನನ್ನ ಜೀವ ಐಶೂ. ಆದ್ರೂ ನಿನ್ನ ಬ್ಯಾನಿ ಹೇಳಾಕ ನಾಚಿದೆ. ತಪ್ಪಾತು."

ಅವಳು ಒಳಗೆ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಡುಗುತ್ತಿದ್ದ ತನ್ನ ಕೈಯನ್ನು ಅವನು ಹಿಡಿದಾಗ ಬಿಡಿಸಿಕೊಳ್ಳಲಿಲ್ಲ.

"ಸಿಟ್ಟು ಇನ್ನೂ ಅದ ಏನು?"

"ಅದ."

"ಯಾರದು?"

"ನಂದು."

"ಹಂಗಾರ ಇಳಿಯೋತನಕ ಇಲ್ಲೇ ಕುಂದರ್ತೀನಿ."

ಐಶ್ವರ್ಯಾ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. "ಭಾಳ ಹೊತ್ತಾಗ್ತದ ರೀ..."

"ಆಗ್ಲಿ."